ಕಾಣೆಯಾದ ಚಾನೆಲ್ ಎಲ್ಲಿದೆ?

ಟಿ.ವಿ. ಪರದೆಯಿಂದ ಚಾನೆಲ್ಲೊಂದು ಮಾಯವಾದರೆ ಮೊದಲ ಏಟು ಬೀಳುವುದು ಪೆಟ್ಟಿಗೆಯ ನೆತ್ತಿಗೆ. ಅದರಿಂದಲೂ ಚಿತ್ರ ಬಾರದಿದ್ದರೆ ಮನೆಯ ಹುಡುಗನೊಬ್ಬನನ್ನು ಮಾಳಿಗೆಗೆ ಹತ್ತಿಸುತ್ತಾರೆ. ಅಲ್ಲಿಗೂ ಮುಗಿಯದಿದ್ದರೆ ರಿಪೇರಿಯವನಿಗೆ ಹೇಳಿಕಳಿಸುತ್ತಾರೆ. ಆದರೆ ಬಹಳಷ್ಟು ಸಲ ಪೆಟ್ಟಿಗೆ ನಿರಪರಾಧಿಯಾಗಿರುತ್ತದೆ. ಪ್ರಸಾರ ಕೇಂದ್ರದಿಂದ ನಮ್ಮ ಕಣ್ಣಿನವರೆಗೆ ಚಿತ್ರ ನಡೆದು ಬರುವ ದಾರಿ ದೊಡ್ಡದು. ಗಾಳಿ, ಗುಡ್ಡ, ಆಂಟೆನಾ, ತಂತಿ, ತಂತಿಯ ಗಂಟುಗಳು, ಕೊನೆಗೆ ಪೆಟ್ಟಿಗೆ. ಇಷ್ಟರಲ್ಲಿ ಎಲ್ಲಿ ಕಳೆದುಹೋಯಿತು ಎಂದು ಕ್ರಮವಾಗಿ ಹುಡುಕುವುದು ವಿಜ್ಞಾನ ಓದುವ ಮಕ್ಕಳಿಗೆ ಮನೆಯಲ್ಲೇ ಸಿಗುವ ಪ್ರಯೋಗ. ಅದಕ್ಕೆ ಬೇಕಾದದ್ದು ಎಂಟನೆಯಿಂದ ಹತ್ತನೆಯ ತರಗತಿಯವರೆಗಿನ ಭೌತಶಾಸ್ತ್ರ ಮತ್ತು ಸ್ವಲ್ಪ ತಾಳ್ಮೆ.

ಗುಡ್ಡದ ಬೆನ್ನಿಗಿರುವ ಊರು

ಸವದತ್ತಿ ತಾಲ್ಲೂಕಿನ ಮುನವಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಜನರ ಬಾಯಲ್ಲಿ ಅದು ಮನೋಳಿ. ಊರು ಮಲಪ್ರಭೆಯ ದಂಡೆಯ ಮೇಲಿದೆ. ದಕ್ಷಿಣಕ್ಕೆ ನವಿಲುತೀರ್ಥದ ಗುಡ್ಡಗಳು. ಅವುಗಳ ಸಂದಿನಲ್ಲೇ ಮಲಪ್ರಭೆಗೆ ಅಣೆಕಟ್ಟು ಕಟ್ಟಲಾಗಿದೆ. ನಕ್ಷೆಯ ಮೇಲೆ ಗೆರೆ ಎಳೆದು ನೋಡಿದರೆ ಧಾರವಾಡ ಇಲ್ಲಿಂದ ಸುಮಾರು 45 ಕಿಲೋಮೀಟರ್, ದಕ್ಷಿಣಕ್ಕೆ ತುಸು ಪಶ್ಚಿಮವಾಗಿ. ಬೆಳಗಾವಿ ನೇರ ಪಶ್ಚಿಮಕ್ಕೆ, ಸುಮಾರು 65 ಕಿಲೋಮೀಟರ್.

ಧಾರವಾಡದ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಅದರ ಮಧ್ಯಮ ತರಂಗದ ಧ್ವನಿ ಮನೋಳಿಯ ಹೊಲದಲ್ಲಿ, ಗುಡ್ಡದ ಬುಡದಲ್ಲಿ, ಮನೆಯ ಒಳಕೋಣೆಯಲ್ಲಿ ಎಲ್ಲೆಂದರಲ್ಲಿ ಕೇಳಿಸುತ್ತದೆ. ಟಿ.ವಿ. ಚಿತ್ರಕ್ಕೆ ಮಾತ್ರ ಮಾಳಿಗೆಯ ಮೇಲೆ ಹತ್ತು-ಹದಿನೈದು ಅಡಿ ಕೊಳವೆ ನಿಲ್ಲಿಸಬೇಕಾಗುತ್ತಿತ್ತು. ಎರಡೂ ವಿದ್ಯುತ್ಕಾಂತೀಯ ತರಂಗಗಳೇ, ಎರಡರ ವೇಗವೂ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಹಾಗಾದರೆ ಈ ಭೇದವೇಕೆ?

ಉತ್ತರ ತರಂಗಾಂತರದಲ್ಲಿದೆ. ಧಾರವಾಡ ಆಕಾಶವಾಣಿಯ ಕಂಪನಾಂಕ 765 ಕಿಲೋಹರ್ಟ್ಜ್. ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ತರಂಗಾಂತರ ಸುಮಾರು 392 ಮೀಟರ್ ಬರುತ್ತದೆ. ಇಷ್ಟು ಉದ್ದದ ಅಲೆ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ, ಗುಡ್ಡವನ್ನು ಬಳಸಿಕೊಂಡು ಆಚೆಗೆ ಇಳಿಯುತ್ತದೆ. ದೂರದರ್ಶನ ಬಳಸುತ್ತಿದ್ದ ಕಂಪನಾಂಕಗಳು 47ರಿಂದ 230 ಮೆಗಾಹರ್ಟ್ಜ್ ನಡುವಿನವು. ಆ ಅಲೆಗಳ ಉದ್ದ 6 ಮೀಟರಿನಿಂದ ಒಂದೂಕಾಲು ಮೀಟರ್ ಮಾತ್ರ. ಅಲೆ ಗಿಡ್ಡವಾದಷ್ಟೂ ಅದು ಬೆಳಕಿನಂತೆ ನೇರವಾಗಿ ಸಾಗುತ್ತದೆ. ಬೆಳಕಿನಂತೆಯೇ ಗುಡ್ಡದ ಹಿಂದೆ ನೆರಳು ಬೀಳುತ್ತದೆ.

ಭೂಮಿಯ ದುಂಡಗಿನ ಆಕಾರವೂ ಅಡ್ಡ ಬರುತ್ತದೆ. ಇದಕ್ಕೊಂದು ಸರಳ ಸೂತ್ರವಿದೆ. ಗೋಪುರದ ಎತ್ತರದ ವರ್ಗಮೂಲ ಮತ್ತು ಆಂಟೆನಾ ಎತ್ತರದ ವರ್ಗಮೂಲ ಎರಡನ್ನೂ ಮೀಟರಿನಲ್ಲಿ ತೆಗೆದು, ಕೂಡಿಸಿ, 4.12ರಿಂದ ಗುಣಿಸಿದರೆ ಅಲೆ ತಲುಪಬಹುದಾದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಗೋಪುರ 100 ಮೀಟರ್, ಆಂಟೆನಾ 9 ಮೀಟರ್ ಎಂದಿಟ್ಟುಕೊಳ್ಳಿ. 10ಕ್ಕೆ 3 ಕೂಡಿಸಿ 4.12ರಿಂದ ಗುಣಿಸಿದರೆ ಸುಮಾರು 53 ಕಿಲೋಮೀಟರ್. ಆಂಟೆನಾವನ್ನು 16 ಮೀಟರಿಗೆ ಏರಿಸಿದರೆ ಸುಮಾರು 57 ಕಿಲೋಮೀಟರ್. ಅಂದರೆ 7 ಮೀಟರ್ ಹೆಚ್ಚಿನ ಕೊಳವೆಗೆ ಸಿಕ್ಕ ಲಾಭ ಬರೀ 4 ಕಿಲೋಮೀಟರ್. ಈ ಲೆಕ್ಕದಂತೆ 45 ಕಿಲೋಮೀಟರ್ ದೂರದ ಮನೋಳಿಗೆ ಭೂಮಿಯ ಬಾಗು ಅಡ್ಡಿಯಾಗಬಾರದು. ಅಡ್ಡಿಯಾಗುವುದು ನಡುವಿನ ಗುಡ್ಡ. ಹಾಗಾಗಿ ಒಂದೇ ಊರಿನಲ್ಲಿ ಗುಡ್ಡದಿಂದ ದೂರ ಸರಿದ ಮನೆಗೆ ಚಿತ್ರ ಬಂದು, ಬುಡದ ಮನೆಗೆ ಬಾರದಿದ್ದರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಕಡ್ಡಿಗಳ ಲೆಕ್ಕ

ಮಾಳಿಗೆಯ ಮೇಲಿದ್ದ ಮೀನಿನ ಮುಳ್ಳಿನಾಕಾರದ ಆಂಟೆನಾಕ್ಕೆ ಯಾಗಿ-ಉದಾ ಆಂಟೆನಾ ಎಂದು ಹೆಸರು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿದೆತ್ಸುಗು ಯಾಗಿ ಮತ್ತು ಶಿಂತಾರೊ ಉದಾ 1926ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಇದರ ಕಡ್ಡಿಗಳಲ್ಲಿ ತಂತಿ ಕಟ್ಟಿರುವುದು ಒಂದಕ್ಕೇ, ಮಡಿಚಿದಂತೆ ಕಾಣುವ ಕಡ್ಡಿಗೆ. ಅದರ ಹಿಂದಿನ ಉದ್ದನೆಯ ಕಡ್ಡಿ ಕನ್ನಡಿಯಂತೆ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನ ಗಿಡ್ಡ ಕಡ್ಡಿಗಳು ಅಲೆಯನ್ನು ಒಳಕ್ಕೆ ಕರೆಯುತ್ತವೆ. ಆದ್ದರಿಂದಲೇ ಗಿಡ್ಡ ಕಡ್ಡಿಗಳ ತುದಿ ಪ್ರಸಾರ ಗೋಪುರದ ಕಡೆಗಿರಬೇಕು.

ತಂತಿ ಕಟ್ಟಿದ ಕಡ್ಡಿಯ ಉದ್ದ ಅಲೆಯ ಅರ್ಧದಷ್ಟಿರಬೇಕು, ನಿಜದಲ್ಲಿ ಅದಕ್ಕಿಂತ ಶೇಕಡ 5ರಷ್ಟು ಕಡಿಮೆ. 4ನೇ ಚಾನೆಲ್ಲಿನ ಚಿತ್ರ 62.25 ಮೆಗಾಹರ್ಟ್ಜ್‌ನಲ್ಲಿ ಬರುತ್ತಿತ್ತು. 300ನ್ನು ಅದರಿಂದ ಭಾಗಿಸಿದರೆ ಅಲೆಯ ಉದ್ದ 4.8 ಮೀಟರ್, ಕಡ್ಡಿ ಸುಮಾರು 2.3 ಮೀಟರ್. 9ನೇ ಚಾನೆಲ್ಲಿನ ಚಿತ್ರ 203.25 ಮೆಗಾಹರ್ಟ್ಜ್‌ನಲ್ಲಿ, ಅದಕ್ಕೆ 70 ಸೆಂಟಿಮೀಟರ್ ಕಡ್ಡಿ ಸಾಕು. ಒಂದು ಚಾನೆಲ್ ಕನ್ನಡಿಯಂತೆ ಕಂಡು ಇನ್ನೊಂದು ಹೊಸ ಚಾನೆಲ್ ಬಾರದಿದ್ದರೆ ಪೆಟ್ಟಿಗೆಯನ್ನು ಬೈಯುವ ಮೊದಲು ಕಡ್ಡಿಯನ್ನು ಅಳೆಯಬೇಕು. ಸಣ್ಣ ಕೊಳಲಿನಿಂದ ದೊಡ್ಡ ಶಹನಾಯಿಯ ಸ್ವರ ಹೊರಡುವುದಿಲ್ಲ, ಇದೂ ಹಾಗೆಯೇ.

ಪರದೆ ಹೇಳುತ್ತಿದ್ದ ಸುಳಿವು

ಹಳೆಯ ಪ್ರಸಾರದಲ್ಲಿ ಒಂದು ಅನುಕೂಲವಿತ್ತು. ಕೆಟ್ಟ ಚಿತ್ರವೇ ರೋಗದ ಹೆಸರನ್ನು ಹೇಳುತ್ತಿತ್ತು.

ಪರದೆಯ ತುಂಬ ಚುಕ್ಕಿಗಳು ಕುದಿಯುತ್ತಿದ್ದರೆ ಸಂಕೇತ ಕ್ಷೀಣವಾಗಿದೆ ಎಂದರ್ಥ. ಆಂಟೆನಾ ತಿರುಗಿದೆ, ತಂತಿಯಲ್ಲಿ ನೀರು ಸೇರಿದೆ, ಅಥವಾ ಗಂಟು ತುಕ್ಕು ಹಿಡಿದಿದೆ. ಸಂಕೇತ ಕುಗ್ಗಿದಾಗ ಮೊದಲು ಬಣ್ಣ ಹೋಗುತ್ತಿತ್ತು, ಆಮೇಲೆ ಚಿತ್ರ. ಬೂಸ್ಟರ್ ಹಾಕಿದರೂ ಚುಕ್ಕಿ ಹೋಗದಿದ್ದುದಕ್ಕೆ ಕಾರಣವಿದೆ. ಬೂಸ್ಟರ್ ಚಿತ್ರವನ್ನೂ ಚುಕ್ಕಿಯನ್ನೂ ಸಮನಾಗಿ ದೊಡ್ಡದು ಮಾಡುತ್ತದೆ. ಅದನ್ನು ಟಿ.ವಿ.ಯ ಪಕ್ಕದಲ್ಲಿಟ್ಟರೆ ತಂತಿಯಲ್ಲಿ ಸೇರಿಕೊಂಡ ಕಸವೂ ಹಿಗ್ಗುತ್ತದೆ. ಆಂಟೆನಾದ ಬುಡದಲ್ಲೇ ಕಟ್ಟಿದರೆ ಪ್ರಯೋಜನ.

ಮಿಕ್ಸರ್ ತಿರುಗಿದಾಗ ಅಥವಾ ಬೀದಿಯಲ್ಲಿ ಮೋಟಾರ್ ಸೈಕಲ್ ಹೋದಾಗ ಚುಕ್ಕಿಗಳ ಸಾಲು ಓಡಿದರೆ ಅದು ಕಿಡಿಯ ಹಾವಳಿ. ಅದಕ್ಕೆ ಆಂಟೆನಾ ತಿರುಗಿಸಿ ಫಲವಿಲ್ಲ.

ಒಬ್ಬ ವ್ಯಕ್ತಿಯ ಬಲಕ್ಕೆ ಅವನದೇ ಮಸುಕಾದ ಜೋಡಿ ನಿಂತಂತೆ ಕಂಡರೆ ಅದು ಪ್ರತಿಫಲನ. ಗೋಪುರದಿಂದ ನೇರ ಬಂದ ಅಲೆಯ ಜೊತೆಗೆ, ಗುಡ್ಡಕ್ಕೆ ಬಡಿದು ತಡವಾಗಿ ಬಂದ ಅಲೆಯೂ ಸೇರಿದೆ. ಈ ಜೋಡಿಚಿತ್ರದಿಂದ ಗುಡ್ಡದ ದೂರವನ್ನೇ ಅಳೆಯಬಹುದು. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಮೂಡಲು ಹಿಡಿಯುತ್ತಿದ್ದುದು 52 ಮೈಕ್ರೋಸೆಕೆಂಡ್. 20 ಇಂಚಿನ ಟಿ.ವಿ.ಯಲ್ಲಿ ಆ ಗೆರೆ ಸುಮಾರು 40 ಸೆಂಟಿಮೀಟರ್. ಜೋಡಿಚಿತ್ರ 4 ಸೆಂಟಿಮೀಟರ್ ಸರಿದಿದ್ದರೆ ತಡ 5.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಅಲೆ 1560 ಮೀಟರ್ ಹೆಚ್ಚು ನಡೆದಿದೆ. ಗುಡ್ಡ ಮನೆಯ ನೇರ ಹಿಂದಿದ್ದರೆ ಹೋಗಿ ಬರುವ ದಾರಿ ಸೇರಿ ಇಷ್ಟು. ಅಂದರೆ ಗುಡ್ಡ 780 ಮೀಟರ್ ದೂರದಲ್ಲಿದೆ. ಟೇಪು ಹಿಡಿಯದೆ, ಮನೆಯಿಂದ ಹೊರಬೀಳದೆ ಮಾಡಬಹುದಾಗಿದ್ದ ಮೋಜಣಿ ಇದು.

ಒಬ್ಬ ಮಾಳಿಗೆಯ ಮೇಲೆ, ಒಬ್ಬ ಬಾಗಿಲಲ್ಲಿ, ಒಬ್ಬಳು ಟಿ.ವಿ.ಯ ಮುಂದೆ. "ಬಂತೇನು?" "ಇನ್ನಷ್ಟು ಬಲಕ್ಕ... ಹೋತು, ಹೋತು! ಮತ್ತ ಎಡಕ್ಕ!" 1987ರ ಜನವರಿಯಲ್ಲಿ 'ರಾಮಾಯಣ' ಧಾರಾವಾಹಿ ಆರಂಭವಾದ ಮೇಲೆ ಭಾನುವಾರದ ಬೆಳಗುಗಳಲ್ಲಿ ಎಷ್ಟೋ ಊರುಗಳಲ್ಲಿ ಈ ಕೂಗು ಕೇಳುತ್ತಿತ್ತು. ಇಂದಿನ ಮಕ್ಕಳ ತಂದೆ-ತಾಯಿಗೆ ಅದು ಚೆನ್ನಾಗಿ ನೆನಪಿರುತ್ತದೆ.

ಮೊದಲು ಬಂದದ್ದು ಡಿಶ್!

ಆ ಪ್ರಸಾರ ಈಗ ಇತಿಹಾಸ. ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50 ಕೇಂದ್ರಗಳನ್ನು ಬಿಟ್ಟು ಉಳಿದ ಹಳೆಯ ಬಗೆಯ ಪ್ರಸಾರ ಯಂತ್ರಗಳನ್ನು 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸಲು ಪ್ರಸಾರ ಭಾರತಿ 2021ರಲ್ಲಿ ತೀರ್ಮಾನಿಸಿತು. ಮಾಳಿಗೆಯ ಹಳೆಯ ಕಡ್ಡಿಗಳನ್ನು ಈಗ ಎಷ್ಟು ತಿರುಗಿಸಿದರೂ ಕಾಗೆಗೆ ಕೂರಲು ಅನುಕೂಲವಾದೀತೇ ಹೊರತು ಚಿತ್ರ ಬಾರದು. ಅವುಗಳ ಜಾಗಕ್ಕೆ ಡಿಶ್ ಬಂದಿದೆ. ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಉಪಗ್ರಹ ಸೇವೆ 2004ರ ಡಿಸೆಂಬರಿನಲ್ಲಿ ಆರಂಭವಾಯಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್.

ಡಿಶ್ ಹೊಸ ವಸ್ತುವೆಂದು ಹಲವರ ಭಾವನೆ. ಆದರೆ ಕರ್ನಾಟಕಕ್ಕೆ ಟಿ.ವಿ. ಬಂದದ್ದೇ ಡಿಶ್ ಮೂಲಕ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರ ಪ್ರಸಾರವಾಯಿತು. ಅದರಲ್ಲಿ ನಮ್ಮ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಗುಲ್ಬರ್ಗಾದ ಪ್ರಸಾರ ಕೇಂದ್ರ 1977ರಲ್ಲಿ, ಬೆಂಗಳೂರಿನದು 1981ರಲ್ಲಿ, ಆಮೇಲಿನ ಮಾತು. ಆ ಹಳ್ಳಿಗಳ ಡಿಶ್ ತಂತಿಜಾಲರಿಯದು, ಅಗಲ 3 ಮೀಟರ್. ಇಂದಿನದು 60 ಸೆಂಟಿಮೀಟರ್ ಆಸುಪಾಸು. ಅಂದಿನ ಅಲೆ 860 ಮೆಗಾಹರ್ಟ್ಜ್, ಅಂದರೆ 35 ಸೆಂಟಿಮೀಟರ್ ಉದ್ದ. ಇಂದಿನದು 11 ಸಾವಿರ ಮೆಗಾಹರ್ಟ್ಜ್ ಆಸುಪಾಸು, 2.7 ಸೆಂಟಿಮೀಟರ್. ಅಲೆ ಗಿಡ್ಡವಾದುದರಿಂದ ತಟ್ಟೆಯೂ ಚಿಕ್ಕದಾಗಲು ಸಾಧ್ಯವಾಯಿತು.

ಡಿಶ್‌ಗೆ ನವಿಲುತೀರ್ಥದ ಗುಡ್ಡ ಅಡ್ಡಿಯಲ್ಲ. ಫ್ರೀ ಡಿಶ್ ಉಪಗ್ರಹ ಸಮಭಾಜಕದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿದೆ. ಮನೋಳಿಯಿಂದ ಅದು ಹೆಚ್ಚುಕಡಿಮೆ ಆಗ್ನೇಯ ದಿಕ್ಕಿಗೆ, ನೆಲದಿಂದ ಸುಮಾರು 62 ಡಿಗ್ರಿ ಮೇಲಕ್ಕಿದೆ. ಡಿಶ್‌ಗೆ ಆ ಕಡೆ ಬೆಳೆದ ಬೇವಿನ ಕೊಂಬೆಯೋ ಪಕ್ಕದ ಮನೆಯ ಹೊಸ ಮಹಡಿಯೋ ಅಡ್ಡ ಬಂದರೆ ಸಾಕು, ಚಿತ್ರ ಹೋಗುತ್ತದೆ.

ಈಗಿನ ತಪಾಸಣೆ ಹೇಗೆ?

ಡಿಜಿಟಲ್ ಪ್ರಸಾರದಲ್ಲಿ ಚುಕ್ಕಿಯಿಲ್ಲ, ಜೋಡಿಚಿತ್ರವಿಲ್ಲ. ಸಂಕೇತ ಒಂದು ಮಟ್ಟದ ಮೇಲಿದ್ದರೆ ಪೂರ್ಣ ಚಿತ್ರ. ಕೆಳಗಿಳಿದರೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ, ಬಳಿಕ ಖಾಲಿ ಪರದೆ. ರೋಗಿ ನರಳುವುದಿಲ್ಲ, ಒಮ್ಮೆಲೇ ಮಲಗುತ್ತಾನೆ. ಆದ್ದರಿಂದ ಪ್ರಶ್ನೆಗಳನ್ನು ನಾವೇ ಕ್ರಮವಾಗಿ ಕೇಳಬೇಕು.

ಮೊದಲನೆಯ ಪ್ರಶ್ನೆ: ಕಾಣೆಯಾದದ್ದು ಒಂದೋ, ಒಂದು ಗುಂಪೋ, ಎಲ್ಲವೋ?

ಒಂದೆರಡು ಚಾನೆಲ್ ಮಾತ್ರ ಹೋಗಿದ್ದರೆ ಮಾಳಿಗೆ ಹತ್ತುವುದೇ ಬೇಡ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಸಿಗುವುದು ಹರಾಜಿನಿಂದ. ಹರಾಜಾದ ಮೇಲೆ ಕೆಲವು ಹೊರಹೋಗುತ್ತವೆ, ಕೆಲವು ಬೇರೆ ಜಾಗಕ್ಕೆ ಸರಿಯುತ್ತವೆ. ರಿಮೋಟಿನಿಂದ ಚಾನೆಲ್ ಹುಡುಕಾಟವನ್ನು ಮತ್ತೊಮ್ಮೆ ನಡೆಸಿದರೆ ಸರಿದದ್ದು ಸಿಗುತ್ತದೆ. ಇನ್ನು ಎಂಪೆಗ್-4 ಎಂಬ ಹೊಸ ವಿಧಾನದಲ್ಲಿ ಬರುವ ಚಾನೆಲ್‌ಗಳನ್ನು ಎಂಪೆಗ್-2 ಮಾತ್ರ ಬಲ್ಲ ಹಳೆಯ ಸೆಟ್ ಟಾಪ್ ಬಾಕ್ಸ್ ತೋರಿಸಲಾರದು. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ, ಡಬ್ಬಿಗೆ ವಯಸ್ಸಾಗಿದೆ ಅಷ್ಟೆ.

ಒಂದು ಗುಂಪು ಒಟ್ಟಿಗೆ ಹೋಗಿದ್ದರೆ ಅವೆಲ್ಲ ಒಂದೇ ಬಂಡಿಯಲ್ಲಿ ಬರುವ ಪ್ರಯಾಣಿಕರು ಎಂದು ತಿಳಿಯಬೇಕು. ಹಲವು ಚಾನೆಲ್‌ಗಳನ್ನು ಒಟ್ಟುಗೂಡಿಸಿ ಒಂದು ಕಂಪನಾಂಕದ ಮೇಲೆ ಕಳಿಸಲಾಗುತ್ತದೆ. ಸಂಕೇತ ಅಂಚಿನಲ್ಲಿದ್ದಾಗ ತುಸು ಬಡವಾದ ಬಂಡಿ ಮೊದಲು ಬೀಳುತ್ತದೆ. ಡಿಶ್ ಸ್ವಲ್ಪ ಸರಿದಿರುವುದಕ್ಕೆ ಇದು ಮೊದಲ ಸೂಚನೆ.

ಎಲ್ಲವೂ ಹೋಗಿದ್ದರೆ ಬಾಕ್ಸಿನ ಮೆನುವಿನಲ್ಲಿ ಸಂಕೇತದ ಬಲ ಮತ್ತು ಗುಣಮಟ್ಟ ತೋರಿಸುವ ಎರಡು ಪಟ್ಟಿಗಳನ್ನು ನೋಡಿ. ಬಲ ಇದೆ, ಗುಣಮಟ್ಟ ಸೊನ್ನೆ ಎಂದಾದರೆ ತಂತಿ ಹೆಚ್ಚಾಗಿ ಸರಿಯಿದೆ, ಡಿಶ್ ಬೇರೆಲ್ಲೋ ನೋಡುತ್ತಿದೆ. ಎರಡೂ ಸೊನ್ನೆಯಾದರೆ ತಂತಿ, ಅದರ ತುದಿಯ ತಿರುಪು ಅಥವಾ ಡಿಶ್‌ನ ಮುಂದೆ ತೋಳಿನ ತುದಿಗಿರುವ ಎಲ್‌ಎನ್‌ಬಿ ಮೇಲೆ ಅನುಮಾನ ಪಡಬೇಕು. ಬಾಕ್ಸು ಎಲ್‌ಎನ್‌ಬಿಗೆ ವಿದ್ಯುತ್ ಕಳಿಸುವುದೂ ಇದೇ ತಂತಿಯ ಮೂಲಕ. ತುದಿಯಲ್ಲಿ ಹೊರ ಹೆಣಿಗೆಯ ಒಂದು ಎಳೆ ನಡುವಿನ ತಂತಿಗೆ ತಾಗಿದರೆ ಎಲ್ಲವೂ ನಿಲ್ಲುತ್ತದೆ. ಬಾಕ್ಸನ್ನು ಪಕ್ಕದ ಮನೆಗೆ ಒಯ್ದು ಅವರ ಡಿಶ್‌ಗೆ ಜೋಡಿಸಿ ನೋಡಿದರೆ ಅರ್ಧ ಅನುಮಾನ ಒಂದೇ ಏಟಿಗೆ ಪರಿಹಾರ. ಅಲ್ಲಿ ಬಂದರೆ ತಪ್ಪು ಮಾಳಿಗೆಯಲ್ಲಿ, ಬಾರದಿದ್ದರೆ ಡಬ್ಬಿಯಲ್ಲಿ.

ಡಿಶ್ ಎಷ್ಟು ಸರಿದರೆ ಕೆಡುತ್ತದೆ? 60 ಸೆಂಟಿಮೀಟರ್ ತಟ್ಟೆಯ ಅಂಚು 1 ಸೆಂಟಿಮೀಟರ್ ಸರಿದರೆ ನೋಟ ಸುಮಾರು 1 ಡಿಗ್ರಿ ಓರೆಯಾಗುತ್ತದೆ. ಆ ಒಂದು ಡಿಗ್ರಿ ಉಪಗ್ರಹದ ದೂರಕ್ಕೆ ಹೋಗುವಾಗ 600 ಕಿಲೋಮೀಟರಿಗೂ ಹೆಚ್ಚು! ಮಂಗ ಜೋತಾಡಿದರೆ, ಬಟ್ಟೆ ಒಣಹಾಕುವ ಹಗ್ಗ ಕಟ್ಟಿದರೆ ಆಗುವ ಅನಾಹುತ ಇದು.

ಮಳೆ ಜೋರಾದಾಗ ಹೋಗಿ ಮಳೆ ನಿಂತಾಗ ಬಂದರೆ ಏನನ್ನೂ ಮುಟ್ಟಬೇಡಿ. ಅಷ್ಟು ಗಿಡ್ಡ ಅಲೆಯ ಶಕ್ತಿಯನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಮಾರ್ಚ್ ಎರಡನೇ ವಾರದ ಆಸುಪಾಸು, ಮತ್ತೆ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಮೊದಲಲ್ಲಿ ಕೆಲವು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಿಸಿಲಿರುವಾಗಲೇ ಚಿತ್ರ ಕೆಲ ನಿಮಿಷ ಕೆಡಬಹುದು. ಆಗ ಸೂರ್ಯ ಉಪಗ್ರಹದ ನೇರ ಹಿಂದೆ ಬರುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ದನಿ ಅಡಗುತ್ತದೆ. ಆ ಹೊತ್ತಿಗೆ ಎಲ್‌ಎನ್‌ಬಿಯ ನೆರಳು ತಟ್ಟೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ದಿನವೂ ಗುರುತು ಹಾಕಿಕೊಂಡರೆ ವಿದ್ಯಾರ್ಥಿಗಳಿಗೆ ಖಗೋಳಶಾಸ್ತ್ರದ ಒಂದು ಪಾಠವಾಗುತ್ತದೆ.

ಪಾಠವೇ ಕಾಣೆಯಾದಾಗ

ಧಾರಾವಾಹಿಯ ಒಂದು ಕಂತು ತಪ್ಪಿದರೆ ನಷ್ಟವಿಲ್ಲ. ಆದರೆ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪರಿಸ್ಥಿತಿ ಬೇರೆಯಾಗಿತ್ತು. ಆ ವರ್ಷದ ಜುಲೈನಿಂದ ಪ್ರೌಢಶಾಲೆಯ ಮಕ್ಕಳಿಗೆ ಚಂದನ ವಾಹಿನಿಯಲ್ಲಿ 'ಸೇತುಬಂಧ' ಪಾಠಗಳು ಬಂದವು. ಮೊಬೈಲ್ ಇಲ್ಲದ, ಇದ್ದರೂ ನೆಟ್‌ವರ್ಕ್ ಸಿಗದ ಮನೆಗೆ ಆ ಒಂದು ಚಾನೆಲ್ಲೇ ಶಾಲೆ. ಅದು ಕಾಣೆಯಾದರೆ ಆ ದಿನದ ಗಣಿತವೇ ಕಾಣೆ. ತಿರುಪು ಬಿಗಿ ಮಾಡುವಷ್ಟು ಸಣ್ಣ ದೋಷಕ್ಕಾಗಿ ಒಂದು ಮಗು ವಾರಗಟ್ಟಲೆ ಪಾಠ ಕಳೆದುಕೊಳ್ಳುವುದು ದುಬಾರಿ. ತಪಾಸಣೆಯ ಕ್ರಮ ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು ಎನ್ನುವುದು ಇದಕ್ಕಾಗಿ.

ಪಾಲಕರಿಗೆ ಎಚ್ಚರಿಕೆಯ ಮಾತು

ಇವೆಲ್ಲಕ್ಕಿಂತ ದೊಡ್ಡದು ಜೀವ. ಕಬ್ಬಿಣದ ಕೊಳವೆಯನ್ನು ನಿಲ್ಲಿಸುವಾಗಲೋ ಇಳಿಸುವಾಗಲೋ ಅದು ಕರೆಂಟಿನ ತಂತಿಗೆ ತಾಗಿದರೆ ಕೈಬಿಡಲೂ ಆಗುವುದಿಲ್ಲ. 11 ಸಾವಿರ ವೋಲ್ಟಿನ ತಂತಿಯ ಬಳಿಯಂತೂ ಕೊಳವೆ ತಾಗಲೇಬೇಕೆಂದಿಲ್ಲ, ತೀರ ಸಮೀಪ ಬಂದರೂ ವಿದ್ಯುತ್ ಜಿಗಿಯಬಹುದು. ಕೊಳವೆ ಜಾರಿ ಬಿದ್ದರೆ ಎಲ್ಲಿಗೆ ಮುಟ್ಟೀತು ಎಂದು ಮೊದಲೇ ಅಳೆಯಬೇಕು. ತಂತಿ ಆ ಅಳತೆಯೊಳಗಿದ್ದರೆ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಮಕ್ಕಳನ್ನು ಒಬ್ಬರನ್ನೇ ಮಾಳಿಗೆಗೆ ಹತ್ತಿಸಬಾರದು. ಒದ್ದೆ ಮಾಳಿಗೆಯ ಮೇಲೆ ಯಾರೂ ಹತ್ತಬಾರದು.

ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಯ ದಿನಗಳಲ್ಲಿ ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರಿನಲ್ಲಿ ತಿಳಿಯುತ್ತದೆ. ಆದರೆ ಗುಡುಗು ಕಿವಿಗೆ ಬಿತ್ತೆಂದರೆ ದೂರ ಎಷ್ಟೇ ಇರಲಿ, ಮಾಳಿಗೆಯಿಂದ ಇಳಿದು ಒಳಗೆ ಬರಬೇಕು. ಮೋಡ ಕವಿಯುತ್ತಿದೆ ಎನ್ನುವಾಗಲೇ ಪ್ಲಗ್ಗನ್ನೂ ಡಿಶ್ ತಂತಿಯನ್ನೂ ಕಿತ್ತಿಡುವುದು ಒಳ್ಳೆಯದು. ಮಿಂಚು ಶುರುವಾದ ಮೇಲೆ ಅವನ್ನು ಮುಟ್ಟಬಾರದು. ಕೆಲಸಕ್ಕೆ ಬಾರದ ಹಳೆಯ ಆಂಟೆನಾ ಕೊಳವೆ ಇನ್ನೂ ನಿಂತಿದ್ದರೆ ಬೇಸಿಗೆಯ ಒಣ ದಿನದಲ್ಲಿ, ಇಬ್ಬರು ದೊಡ್ಡವರು ಸೇರಿ ಇಳಿಸಿಬಿಡುವುದು ಕ್ಷೇಮ.

ಉಳಿದದ್ದು ಮಕ್ಕಳ ಪಾಲಿನ ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಹವೆ, ಕಾಣೆಯಾದ ಚಾನೆಲ್, ಬಲ ಮತ್ತು ಗುಣಮಟ್ಟದ ಅಂಕಿಗಳನ್ನು ಬರೆದಿಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಆದ ಪರಿಣಾಮ ಬರೆದುಕೊಂಡ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಹತ್ತು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದವನಿಗೆ ಚಿತ್ರ ಬಂದರೂ ಏಕೆ ಬಂತೆಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಹತ್ತನ್ನೂ ತಿರುಗಿಸಬೇಕಾಗುತ್ತದೆ. ಒಂದೊಂದಾಗಿ ನೋಡಿದವನ ನೋಟ್‌ಬುಕ್ಕು ಮುಂದಿನ ಸಲ ರಿಪೇರಿಯವನಿಗೂ ದಾರಿ ತೋರಿಸುತ್ತದೆ.